ಫೋನಿನ ಪುಟದಲ್ಲಿ ನಮ್ಮ ಬಿಸಿಲಿಗೂ ನಮ್ಮ ಕನ್ನಡಕ್ಕೂ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯಲ್ಲಿ ಆಗಾಗ ‘20 ಸಾವಿರದೊಳಗಿನ ಒಳ್ಳೆಯ ಫೋನುಗಳು’ ಎಂಬಂಥ ಪುಟ ಬರುತ್ತದೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದು ಕೈಯಿಂದ ಕೈಗೆ ಓಡಾಡುತ್ತದೆ. ಯಾರಾದರೂ ಒಬ್ಬರು ಆ ಪುಟ ಮಡಿಚಿ ಪರ್ಸಿನಲ್ಲಿಟ್ಟುಕೊಂಡು ಸಂಜೆ ಫೋನ್ ಕೊಳ್ಳಲು ಗಾಂಧಿ ಚೌಕದ ಕಡೆ ಹೋಗುತ್ತಾರೆ. ಜನ ನಿಮ್ಮ ಮಾತನ್ನು ಅಷ್ಟು ನಂಬುತ್ತಾರೆ, ಅದಕ್ಕೇ ಈ ಪತ್ರ. ಆ ಪಟ್ಟಿಯಲ್ಲಿ ಪ್ರೊಸೆಸರ್ ಹೆಸರಿರುತ್ತದೆ, ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಎಂಎಎಚ್, ಸ್ಟೋರೇಜ್ ಎಷ್ಟು ಜಿಬಿ ಎಲ್ಲ ಇರುತ್ತದೆ. ಆದರೆ ಏಪ್ರಿಲ್ ತಿಂಗಳ ಮಧ್ಯಾಹ್ನ ವಿಜಯಪುರದ ಬಸ್ ಸ್ಟ್ಯಾಂಡಿನ ಹೊರಗೆ ನಿಂತು ಅದರಲ್ಲಿ ಒಂದು ಒಟಿಪಿ ಓದಲು ಆಗುತ್ತದಾ, ಕನ್ನಡದಲ್ಲಿ ನಾಲ್ಕು ಸಾಲು ಬರೆಯುವಾಗ ಅದು ತಡವರಿಸುತ್ತದಾ, ಡಿಸ್‌ಪ್ಲೇ ಒಡೆದರೆ ನಮ್ಮ ಊರಿನಲ್ಲೇ ಸಿಗುತ್ತದಾ ಅನ್ನುವುದು ಮಾತ್ರ ಇರುವುದಿಲ್ಲ. ಪಟ್ಟಿ ಶುರುವಾಗುವುದೇ ಬೆಲೆಯಿಂದ. ಅದು ಫೋನ್ ಬಳಸುವ ಮನುಷ್ಯರಿಂದ ಶುರುವಾಗಲಿ ಅನ್ನುವುದು ನನ್ನ ಬೇಡಿಕೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ, ಬಳಗದಲ್ಲಿ ಯಾರು ಹೊಸ ಫೋನ್ ತಗೊಂಡರೂ ನನ್ನನ್ನು ಜೊತೆಗೆ ಕರೆಯುವ ರೂಢಿ ಬೆಳೆದುಬಿಟ್ಟಿದೆ. ಯಾರೇ ಬರಲಿ, ಎಷ್ಟು ರೂಪಾಯಿ ಇಟ್ಟಿದ್ದೀರಿ ಅಂತ ನಾನು ಮೊದಲು ಕೇಳುವುದಿಲ್ಲ. ಹಳೆ ಫೋನ್ ಕೊಡಿ, ನೋಡೋಣ ಅನ್ನುತ್ತೇನೆ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಒಂದು ಜಾಗ ಇದೆ, ಐಫೋನಿನಲ್ಲಿ ಅದಕ್ಕೆ ಸ್ಕ್ರೀನ್ ಟೈಮ್ ಅಂತಾರೆ. ದಿನಕ್ಕೆ ಎಷ್ಟು ಹೊತ್ತು ಯಾವ ಆ್ಯಪ್ ತೆರೆದಿದ್ದಿರಿ ಅನ್ನುವ ಲೆಕ್ಕ ಅಲ್ಲಿ ಇರುತ್ತದೆ. ಬ್ಯಾಟರಿ ಪುಟದಲ್ಲಿ ಚಾರ್ಜ್ ಯಾರು ತಿಂದರು ಅಂತ ಇರುತ್ತದೆ. ಸ್ಟೋರೇಜ್ ಪುಟದಲ್ಲಿ ಜಾಗ ಯಾರು ಹಿಡಿದಿದ್ದಾರೆ ಅಂತ ಇರುತ್ತದೆ. ಈ ಮೂರು ಪುಟ ನೋಡಿದರೆ ಆ ಮನುಷ್ಯರಿಗೆ ಎಂಥ ಫೋನ್ ಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾಗಿಬಿಡುತ್ತದೆ, ಅಂಗಡಿಗೆ ಹೋಗುವ ಮೊದಲೇ.

ನಮ್ಮ ಗಣಿತದ ಮೇಷ್ಟ್ರು ಒಬ್ಬರು ದೊಡ್ಡ ಕ್ಯಾಮೆರಾದ ಫೋನೇ ಬೇಕು ಅಂತ ಪಟ್ಟು ಹಿಡಿದಿದ್ದರು. ಅವರ ಹಳೆ ಫೋನ್ ತೆರೆದು ನೋಡಿದರೆ ಹೆಚ್ಚಿನ ಹೊತ್ತು ಹೋಗಿದ್ದು ಕರೆಗಳಿಗೆ, ವಾಟ್ಸಾಪಿಗೆ, ಪಿಡಿಎಫ್ ಓದುವುದಕ್ಕೆ. ಫೋಟೊಗಳಲ್ಲಿ ಬಹುಪಾಲು ಉತ್ತರ ಪತ್ರಿಕೆ, ಸುತ್ತೋಲೆ, ಕರಿಹಲಗೆ. ಜಾಗ ತುಂಬಿದ್ದು ಗ್ರೂಪುಗಳಲ್ಲಿ ಬರುವ ಶುಭೋದಯದ ಚಿತ್ರ, ವಿಡಿಯೊಗಳಿಂದ. ಅವರಿಗೆ ಬೇಕಾಗಿದ್ದು 256 ಜಿಬಿ ಜಾಗ, ಗದ್ದಲದಲ್ಲೂ ಮಾತು ಸ್ಪಷ್ಟ ಕೇಳಿಸುವ ಸ್ಪೀಕರ್, ಕಣ್ಣಿಗೆ ಹಿತವಾದ ದೊಡ್ಡ ಪರದೆ. ಹಾಗಂತ ಕ್ಯಾಮೆರಾ ಆಸೆ ತಪ್ಪು ಅಂತ ನಾನು ಹೇಳುವುದಿಲ್ಲ. ವರ್ಷಕ್ಕೊಮ್ಮೆ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಲ್ಲಿ ಮದ್ದು ಸುಡುವುದನ್ನು ಚೆಂದಾಗಿ ವಿಡಿಯೊ ಮಾಡಬೇಕು ಅನ್ನುವವರಿಗೆ ಅದೇ ದೊಡ್ಡ ಖುಷಿ. ಆದರೆ ಆಗ ಕೇಳಬೇಕಾದ ಪ್ರಶ್ನೆ ಬೇರೆ. ಮೆಗಾಪಿಕ್ಸೆಲ್ ಎಷ್ಟು ಅಂತಲ್ಲ, ಓಐಎಸ್ ಇದೆಯಾ ಅಂತ. ಕೈ ಸ್ವಲ್ಪ ನಡುಗಿದರೂ ಲೆನ್ಸ್ ತಾನೇ ಸರಿದುಕೊಂಡು ಚಿತ್ರ ಕದಡದಂತೆ ನೋಡಿಕೊಳ್ಳುವ ಏರ್ಪಾಟು ಅದು, ರಾತ್ರಿ ಹೊತ್ತು ಅದರಿಂದಲೇ ಜಾಸ್ತಿ ಉಪಯೋಗ. 50 ಮೆಗಾಪಿಕ್ಸೆಲ್ ಅಂತ ಡಬ್ಬಿ ಮೇಲೆ ಬರೆದಿದ್ದರೂ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಸುಮಾರು 12.5 ಮೆಗಾಪಿಕ್ಸೆಲ್ಲಿನ ಫೋಟೊವನ್ನೇ ಫೋನ್ ಉಳಿಸುತ್ತದೆ. ಇಷ್ಟನ್ನು ನಿಮ್ಮ ಪುಟದಲ್ಲಿ ಒಂದು ಸಾಲಿನಲ್ಲಿ ಹೇಳಿದರೆ ಎಷ್ಟೋ ಜನರ ದುಡ್ಡು ಉಳಿಯುತ್ತದೆ.

ನಮ್ಮ ತಮ್ಮ ತಿಕೋಟಾ ಕಡೆ ದ್ರಾಕ್ಷಿ ತೋಟ ಮಾಡಿದ್ದಾನೆ. ಅವನ ಫೋನಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದರೆ ನಮ್ಮ ಜಿಲ್ಲೆಯಲ್ಲಿ ಅವನಂಥವರೇ ಹೆಚ್ಚು, ಫೋನಿನ ಪುಟಗಳಲ್ಲಿ ಅವರ ಮಾತೇ ಇಲ್ಲ. ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಕತ್ತರಿಸುವ ಕೆಲಸ, ಮುಗಿದ ಮೇಲೆ ಅವನು ಇಡೀ ದಿನ ಬಿಸಿಲಿನಲ್ಲಿ. ಎಲೆ ಮೇಲೆ ಮಚ್ಚೆ ಕಂಡರೆ ಫೋಟೊ ತೆಗೆದು ಔಷಧಿ ಅಂಗಡಿಯವರಿಗೆ ಕಳಿಸಬೇಕು. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಹೊಲದಲ್ಲೇ ನಿಂತು ಫೋಟೊ ಹಾಕಬೇಕು. ಒಣದ್ರಾಕ್ಷಿ ದರ ಏನಾಯಿತು ಅಂತ ಸೋಲಾಪುರದವರಿಗೂ ತಾಸಗಾಂವಿನವರಿಗೂ ಫೋನ್ ಹಚ್ಚಬೇಕು. ಕೈಗೆ ಮಣ್ಣು, ಔಷಧಿ, ನೀರು. ಬೈಕಿನಲ್ಲಿ ಓಡಾಟ, ಧೂಳು.

ಇಂಥವನಿಗೆ ಮೊದಲು ಬೇಕಾಗಿದ್ದು ಬಿಸಿಲಿನಲ್ಲಿ ಕಾಣುವ ಪರದೆ. ಪರದೆಯ ಬೆಳಕನ್ನು ನಿಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. ಜಾಹೀರಾತಿನಲ್ಲಿ 3 ಸಾವಿರ, 4 ಸಾವಿರ ನಿಟ್ಸ್ ಅಂತ ದೊಡ್ಡದಾಗಿ ಹಾಕುತ್ತಾರಲ್ಲ, ಅದು ಪೀಕ್ ಲೆಕ್ಕ. ಪರದೆಯ ಒಂದು ಚಿಕ್ಕ ಭಾಗ ಮಾತ್ರ ಸ್ವಲ್ಪ ಹೊತ್ತು ಅಷ್ಟು ಬೆಳಗಬಹುದು ಅಂತ ಅದರ ಅರ್ಥ. ಬಿಸಿಲಿಗೆ ಹಿಡಿದಾಗ ಇಡೀ ಪರದೆ ಎಷ್ಟು ಬೆಳಗುತ್ತದೆ ಅನ್ನುವುದು ಬೇರೆ ಲೆಕ್ಕ, ಹೈ ಬ್ರೈಟ್‌ನೆಸ್ ಮೋಡ್ ಅಂತ ಅದನ್ನು ಸಣ್ಣ ಅಕ್ಷರದಲ್ಲಿ ಕೊಟ್ಟಿರುತ್ತಾರೆ. ಎರಡು ಲೆಕ್ಕವೂ ತಲೆಗೆ ಹೋಗದಿದ್ದರೆ ಚಿಂತೆ ಬೇಡ, ಡೆಮೊ ಫೋನನ್ನು ಅಂಗಡಿ ಬಾಗಿಲಿಗೆ ತಂದು ನೋಡಿ. ಇಳಕಲ್ ಸೀರೆ ತಗೊಳ್ಳುವಾಗ ಟ್ಯೂಬ್‌ಲೈಟಿನ ಬಣ್ಣ ನಂಬದೆ ಬಾಗಿಲಿಗೆ ತಂದು ಬಿಚ್ಚಿ ನೋಡುತ್ತೇವಲ್ಲ, ಹಾಗೆ. ನಾನು ತಮ್ಮನ ಜೊತೆ ಹೋದಾಗ ಇದನ್ನೇ ಕೇಳಿದೆ. ಅಂಗಡಿಯ ಹುಡುಗ ತಕರಾರು ಮಾಡಲಿಲ್ಲ, ‘ಬರ್ರಿ ಅಕ್ಕಾರ, ನಾನೂ ಬರ್ತೀನಿ’ ಅಂತ ಹೊರಗೇ ಬಂದ. ಒಂದೇ ಬೆಲೆಯ ಎರಡು ಫೋನುಗಳಲ್ಲಿ ಒಂದು ಸ್ಪಷ್ಟ ಕಂಡಿತು, ಇನ್ನೊಂದರಲ್ಲಿ ನಮ್ಮ ಮುಖವೇ ಕಂಡಿತು. ಒಳಗೆ ಎಸಿಯಲ್ಲಿ ನೋಡಿದಾಗ ಎರಡೂ ಒಂದೇ ಥರ ಇದ್ದವು.

ಎರಡನೆಯದು ಕಾವು. ಆಪಲ್, ಸ್ಯಾಮ್ಸಂಗ್ ಎರಡೂ ಕಂಪನಿಗಳು ತಮ್ಮ ಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಿ ಅಂತ ಹೇಳುತ್ತವೆ. ನಮ್ಮಲ್ಲಿ ಬೇಸಿಗೆಗೆ 40 ದಾಟುತ್ತದೆ. ಲಿಥಿಯಂ ಬ್ಯಾಟರಿ ಬಿಸಿಗೆ ಬೇಗ ಮುದಿಯಾಗುತ್ತದೆ, ಅದರಲ್ಲೂ ಪೂರ್ತಿ ಚಾರ್ಜ್ ಆಗಿ ಕಾದು ಕೂತರೆ ಇನ್ನೂ ಬೇಗ. ಫೋನ್ ತುಂಬಾ ಕಾದಾಗ ತಾನೇ ಪರದೆಯ ಬೆಳಕು ಇಳಿಸುತ್ತದೆ, ಚಾರ್ಜ್ ನಿಧಾನ ಮಾಡುತ್ತದೆ ಅಥವಾ ನಿಲ್ಲಿಸುತ್ತದೆ. ಅಂದರೆ ಬೆಳಕು ಜಾಸ್ತಿ ಬೇಕಾದ ಹೊತ್ತಿಗೇ ಅದು ಕಡಿಮೆ ಆಗುತ್ತದೆ. ಆದ್ದರಿಂದ ಹೊಲದಲ್ಲಿ ಕೆಲಸ ಮಾಡುವವರಿಗೆ 80 ಪರ್ಸೆಂಟಿಗೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಇರುವ ಫೋನ್ ಒಳ್ಳೆಯದು, ಅದನ್ನು ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ಹಾಕಿಟ್ಟರೆ ಸಾಕು. ಹಾಗೆ ಮಾಡಿದರೆ ದಿನ ಪೂರ್ತಿ ಬಾಳಬೇಕಲ್ವಾ? ಅದಕ್ಕೆ ಬ್ಯಾಟರಿಯೇ ದೊಡ್ಡದಿರಲಿ. ಈಗ ಸಿಲಿಕಾನ್ ಕಾರ್ಬನ್ ಅನ್ನುವ ಬಗೆಯ ಬ್ಯಾಟರಿ ಬಂದ ಮೇಲೆ 6 ಸಾವಿರ, 7 ಸಾವಿರ ಎಂಎಎಚ್ ಫೋನುಗಳೂ ಮೊದಲಿನಷ್ಟು ದಪ್ಪ ಇರುವುದಿಲ್ಲ.

ಧೂಳು, ನೀರಿಗೆ ಐಪಿ54, ಐಪಿ67 ಅಂತ ಬರೆದಿರುವ ಐಪಿ ಅಂಕೆ ನೋಡಬೇಕು. ಮೊದಲನೆಯ ಅಂಕೆ ಧೂಳಿಗೆ, ಎರಡನೆಯದು ನೀರಿಗೆ. ಧೂಳಿಗೆ 6 ಅಂದರೆ ಒಳಗೆ ಧೂಳು ಹೋಗುವುದೇ ಇಲ್ಲ, 5 ಅಂದರೆ ಸ್ವಲ್ಪ ಹೋಗಬಹುದು ಆದರೆ ಕೆಡುವಷ್ಟಲ್ಲ. ನೀರಿಗೆ 4 ಅಂದರೆ ಸಿಡಿದ ಹನಿ ತಡೆಯುತ್ತದೆ, 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. ಈ ಪರೀಕ್ಷೆ ಸ್ವಚ್ಛ ನೀರಿನಲ್ಲಿ ಮಾಡಿದ್ದು. ಔಷಧಿ ಬೆರೆಸಿದ ನೀರಿಗೆ ಈ ಮಾತು ಅನ್ವಯಿಸುವುದಿಲ್ಲ, ನೀರು ಹೋಗಿ ಕೆಟ್ಟರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಇದನ್ನು ರೈತರಿಗೆ ಯಾರಾದರೂ ಬಿಡಿಸಿ ಹೇಳಬೇಕು. ಇನ್ನು ಎಲೆಯ ಮಚ್ಚೆ ತೆಗೆಯಲು ಮ್ಯಾಕ್ರೊ ಕ್ಯಾಮೆರಾ ಇದೆ ಅಂತ 2 ಮೆಗಾಪಿಕ್ಸೆಲ್ಲಿನ ಒಂದು ಲೆನ್ಸ್ ತೋರಿಸುತ್ತಾರೆ. ಅದಕ್ಕಿಂತ ಮುಖ್ಯ ಕ್ಯಾಮೆರಾದಲ್ಲಿ ಒಂದು ಗೇಣು ದೂರದಿಂದ, 2 ಪಟ್ಟು ಜೂಮ್ ಮಾಡಿ ತೆಗೆದ ಫೋಟೊದಲ್ಲೇ ಮಚ್ಚೆ ಚೆನ್ನಾಗಿ ಕಾಣುತ್ತದೆ. ತಮ್ಮ ಈಗ ಹಾಗೇ ತೆಗೆದು ಕಳಿಸುತ್ತಾನೆ. ಹಾಗೆಯೇ ಬೈಕಿನ ಹ್ಯಾಂಡಲ್ಲಿಗೆ ಫೋನ್ ಕಟ್ಟಿಕೊಂಡು ಓಡಾಡುವವರು ಇನ್ನೊಂದು ವಿಷಯ ತಿಳಿದಿರಬೇಕು. ದೊಡ್ಡ ಬೈಕುಗಳ ಎಂಜಿನ್ನಿನ ನಡುಕದಿಂದ ಕ್ಯಾಮೆರಾದ ಈ ಓಐಎಸ್ ಕೆಡಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು.

ನಮ್ಮ ಅವ್ವನದು ಬೇರೆಯೇ ಲೋಕ. ಅವಳಿಗೆ ಬೆಳಿಗ್ಗೆ ಎದ್ದ ಕೂಡಲೇ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳ ಪ್ರವಚನ ಬೇಕು. ಸ್ವಾಮಿಗಳು 2023ರ ಜನವರಿ 2ರಂದು ಲಿಂಗೈಕ್ಯರಾದ ಮೇಲೆ ಅವಳಿಗೆ ಯೂಟ್ಯೂಬೇ ಆಶ್ರಮದ ಅಂಗಳ ಆಗಿದೆ. ಅವರ ಮಾತು ಮೆಲ್ಲಗಿನದು, ಕೇಳುವವರ ಕಿವಿಯೂ ಮೊದಲಿನಂತಿಲ್ಲ. ಹೀಗಾಗಿ ಅವ್ವನ ಫೋನಿಗೆ ಎಲ್ಲಕ್ಕಿಂತ ಮೊದಲು ಧ್ವನಿ. ಎರಡು ಸ್ಪೀಕರ್ ಇದ್ದರೆ ಒಳ್ಳೆಯದು, ಆದರೆ ಎರಡು ಇದ್ದ ಮಾತ್ರಕ್ಕೆ ಮಾತು ಸ್ಪಷ್ಟ ಆಗುತ್ತದೆ ಅಂತೇನಿಲ್ಲ. ಅಂಗಡಿಯಲ್ಲಿ ಸಿನಿಮಾ ಹಾಡು ಹಾಕಿ ತೋರಿಸುತ್ತಾರೆ, ನಾವು ಪ್ರವಚನ ಹಾಕಿಸಿ ಕೇಳಿದೆವು. ಮಾತಿನ ಸ್ಪಷ್ಟತೆ ಮಾತಿನಿಂದಲೇ ಗೊತ್ತಾಗಬೇಕು. ಎಫ್‌ಎಂ ರೇಡಿಯೊ ಇದ್ದರೆ ಡೇಟಾ ಇಲ್ಲದಿದ್ದರೂ ನಡೆಯುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕೆ ವೈರಿನ ಇಯರ್‌ಫೋನ್ ಚುಚ್ಚಬೇಕು, ಆ ವೈರೇ ಏರಿಯಲ್ ಆಗಿ ಕೆಲಸ ಮಾಡುತ್ತದೆ. ಹಾಗಾಗಿ ಹಳೆ ಕಾಲದ ಇಯರ್‌ಫೋನ್ ತೂತು ಇರುವ ಫೋನ್ ಇನ್ನೂ ಸಿಗುತ್ತಿರುವುದು ನನಗಂತೂ ಸಮಾಧಾನದ ವಿಷಯ.

ಇನ್ನೊಂದು, ಬೆರಳಚ್ಚು. ಜೀವನಪೂರ್ತಿ ರೊಟ್ಟಿ ಬಡಿದ, ಕಸಬರಿಗೆ ಹಿಡಿದ, ಕಳೆ ಕಿತ್ತ ಬೆರಳಲ್ಲಿ ಗೆರೆ ಸವೆದಿರುತ್ತವೆ. ಪರದೆಯ ಒಳಗಿರುವ ಸೆನ್ಸರ್ ಅಂಥ ಒಣ ಬೆರಳನ್ನು ಎಷ್ಟೋ ಸಲ ಗುರುತಿಸುವುದಿಲ್ಲ. ಪಕ್ಕದ ಗುಂಡಿಯಲ್ಲಿ ಸೆನ್ಸರ್ ಇರುವ ಫೋನಿನಲ್ಲಿ ನಮ್ಮ ಅವ್ವನ ಬೆರಳು ಹಿಡಿಯಿತು. ಎಲ್ಲರಿಗೂ ಹಿಡಿಯುತ್ತದೆ ಅಂತ ಹೇಳಲಾರೆ, ಅದಕ್ಕೇ ಹೇಳುವುದು, ಹಿರಿಯರಿಗೆ ಫೋನ್ ಕೊಡಿಸುವವರು ಹಿರಿಯರನ್ನೇ ಅಂಗಡಿಗೆ ಕರ್ಕೊಂಡು ಹೋಗಿ. ಆಟೊಕ್ಕೆ ಸ್ವಲ್ಪ ಖರ್ಚಾದರೂ ಆಗಲಿ. ಬೆಂಗಳೂರು, ಪುಣೆಯಲ್ಲಿರುವ ಮಕ್ಕಳು ಆನ್‌ಲೈನಿನಲ್ಲಿ ತರಿಸಿ ಕಳಿಸುವ ದುಬಾರಿ ಫೋನುಗಳು ಎಷ್ಟೋ ಮನೆಗಳಲ್ಲಿ ಟಿವಿ ಪಕ್ಕದಲ್ಲಿ ಸುಮ್ನೆ ಬಿದ್ದಿರುತ್ತವೆ, ಅವ್ವಂದಿರು ಹಳೆ ಫೋನನ್ನೇ ಹಿಡಿದಿರುತ್ತಾರೆ. ಅವರಿಗೆ ಹೊಸತು ಬೇಡ ಅಂತಲ್ಲ. ಆ ಪರದೆ ಅವರ ಬೆರಳನ್ನು ಕೇಳುವುದಿಲ್ಲ, ಅಕ್ಷರ ಅವರ ಕಣ್ಣಿಗೆ ಕಾಣುವುದಿಲ್ಲ. ಅಕ್ಷರ ದೊಡ್ಡದು ಮಾಡಿ, ಇಡೀ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನೋಡಿ. ಕೆಲವು ಫೋನುಗಳಲ್ಲಿ ಹಾಗೆ ಮಾಡಿದಾಗ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗುತ್ತವೆ, ಗುಂಡಿಯ ಮೇಲಿನ ಹೆಸರು ಅರ್ಧಕ್ಕೇ ನಿಲ್ಲುತ್ತದೆ. ಇದು ಅಂಗಡಿಯಲ್ಲೇ ಗೊತ್ತಾಗುವ ವಿಷಯ.

ಕನ್ನಡದ ಮಾತು ಬಂತಲ್ಲ, ಇಲ್ಲಿ ನಿಮ್ಮ ಪತ್ರಿಕೆಗೆ ಜವಾಬ್ದಾರಿ ಜಾಸ್ತಿ ಇದೆ ಅಂತ ನನ್ನ ಭಾವನೆ. ಕನ್ನಡ ಪತ್ರಿಕೆಯ ಫೋನ್ ಪುಟದಲ್ಲಿ ಕನ್ನಡ ಬರೆಯುವುದು ಹೇಗಾಗುತ್ತದೆ ಅನ್ನುವ ಒಂದು ಸಾಲು ನಾನು ನೋಡಿಲ್ಲ. ನಾನು ದಿನವೂ ಫೋನಿನಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಪಾಠದ ಟಿಪ್ಪಣಿ, ಪೋಷಕರಿಗೆ ಸಂದೇಶ, ಈ ಪತ್ರ ಕೂಡ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಕ್ರಮ ಕಂಪ್ಯೂಟರಿನಲ್ಲಿ ಕಲಿತವರು ಫೋನಿನಲ್ಲೂ ಅದನ್ನೇ ಬಯಸುತ್ತಾರೆ, ಹೊಸ ಹುಡುಗರು ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮಾಡುತ್ತಾರೆ, ಕೆಲವರು ಮಾತಾಡಿಯೇ ಬರೆಸುತ್ತಾರೆ. ಮೂರಕ್ಕೂ ಆ್ಯಪುಗಳು ಪುಕ್ಕಟೆ ಸಿಗುತ್ತವೆ. ಆದರೆ ಫೋನಿನ ಅಗಲ, ರ್‍ಯಾಮ್, ಮೈಕು ಇವುಗಳ ಮೇಲೆ ಅನುಭವ ಬೇರೆ ಬೇರೆ. ರ್‍ಯಾಮ್ ಅಂದರೆ ತೆರೆದ ಆ್ಯಪುಗಳು ಓಡಲು ಬೇಕಾದ ತಾತ್ಕಾಲಿಕ ಮೆಮೊರಿ. ರ್‍ಯಾಮ್ ಕಡಿಮೆ ಇರುವ ಫೋನಿನಲ್ಲಿ ಕೀಲಿಮಣೆ ತೆರೆದುಕೊಳ್ಳುವುದೇ ತಡ, ನಾವು ಒತ್ತಿದ ಅಕ್ಷರ ಹಿಂದೆ ಹಿಂದೆ ಬರುತ್ತದೆ. ನಾನು ಅಂಗಡಿಯಲ್ಲಿ ‘ಶ್ರೀಕ್ಷೇತ್ರದ ರಸ್ತೆಯಲ್ಲಿ ಜ್ಯೋತ್ಸ್ನೆ’ ಅಂತ ಬರೆದು ನೋಡುತ್ತೇನೆ, ಒತ್ತಕ್ಷರ ತುಂಬಿದ ಈ ಸಾಲು ಸಲೀಸಾಗಿ ಬಂದರೆ ಮುಂದಿನ ಮಾತು.

ನನ್ನ ಕೈ ಚಿಕ್ಕದು. ಈಗಿನ ಫೋನುಗಳು ಬಹುಪಾಲು 6.7 ಇಂಚಿನ ಹತ್ತಿರ, ತೂಕ 200 ಗ್ರಾಂ ಆಸುಪಾಸು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದು ಕೈಯಲ್ಲಿ ಓದುವವಳಿಗೆ ಆ ತೂಕ ಮಣಿಕಟ್ಟಿಗೆ ಗೊತ್ತಾಗುತ್ತದೆ. ಚಿಕ್ಕ ಫೋನ್ ಕೇಳಿದರೆ ಅಂಗಡಿಯಲ್ಲಿ ತೀರ ಕಡಿಮೆ ಬೆಲೆಯದು ತೋರಿಸುತ್ತಾರೆ, ಇಲ್ಲವೇ ತೀರ ದುಬಾರಿಯದು. ನಡುವಿನ ಬೆಲೆಯಲ್ಲಿ ಸಿಗುವುದು ಬಹಳ ಕಷ್ಟ. ನನ್ನಂಥ ಹೆಣ್ಣುಮಕ್ಕಳು ಲಕ್ಷಗಟ್ಟಲೆ ಇದ್ದೇವೆ, ನಮ್ಮ ಕೈ ಅಳತೆ ಯಾರ ಲೆಕ್ಕಕ್ಕೂ ಬರುತ್ತಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ವಿಷಯ. ಕೊನೆಗೆ ನಾನು ಅಗಲ ಕಡಿಮೆ ಇರುವ, ತೂಕ ಕಡಿಮೆ ಇರುವ ಒಂದನ್ನು ತಗೊಂಡೆ, ಅದಕ್ಕಾಗಿ ಬ್ಯಾಟರಿ ಸ್ವಲ್ಪ ಬಿಟ್ಟುಕೊಟ್ಟೆ. ಶಾಲೆಯಲ್ಲಿ ಚಾರ್ಜ್ ಮಾಡಲು ಜಾಗ ಇದೆ, ನನಗೆ ಅದು ನಡೆಯುತ್ತದೆ. ತಮ್ಮನಿಗೆ ನಡೆಯುವುದಿಲ್ಲ.

ಅಕ್ಕನ ಮಗ ಧಾರವಾಡದಲ್ಲಿ ರೂಮ್ ಮಾಡಿ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೆ ಬೇಕಾಗಿದ್ದು ಐಫೋನ್. ಅವನ ಆಸೆಯನ್ನು ನಾನು ಹಗುರ ಮಾಡಲಿಲ್ಲ, ಕೂತು ಲೆಕ್ಕ ಮಾಡಿದೆವು. ಅವನ ದಿನ ಹೋಗುವುದು ತರಗತಿಯ ವಿಡಿಯೊ ಇಳಿಸಿಕೊಂಡು ನೋಡುವುದರಲ್ಲಿ, ನೂರಾರು ಪುಟದ ಪಿಡಿಎಫ್ ಓದುವುದರಲ್ಲಿ, ರಾತ್ರಿ ಸ್ವಲ್ಪ ಹೊತ್ತು ಆಟದಲ್ಲಿ. ಆ ಆಟಕ್ಕೆ ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ 120 ಹರ್ಟ್ಸ್ ಪರದೆ ಚೆಂದ, ಇಲ್ಲ ಅನ್ನುವುದಿಲ್ಲ. ಆದರೆ 8 ಜಿಬಿ ನಿಜವಾದ ರ್‍ಯಾಮ್ ಇರಲಿ ಅಂದೆ. ‘8 ಪ್ಲಸ್ 8, ಒಟ್ಟು 16’ ಅಂತ ಡಬ್ಬಿ ಮೇಲೆ ಬರೆಯುತ್ತಾರಲ್ಲ, ಆ ಎರಡನೆಯ 8 ಸ್ಟೋರೇಜಿನಿಂದ ಎರವಲು ಪಡೆದದ್ದು, ಅಷ್ಟು ವೇಗ ಅದಕ್ಕೆ ಇರುವುದಿಲ್ಲ. ಸ್ಟೋರೇಜ್ ಇಎಂಎಂಸಿ ಬಗೆಯದೋ ಯುಎಫ್‌ಎಸ್ ಬಗೆಯದೋ ಅಂತಲೂ ಕೇಳಬೇಕು, ಎರಡನೆಯದು ವೇಗ. ಇನ್ನು ಬಡ್ಡಿಯಿಲ್ಲದ ಕಂತು ಅಂತ ಇಎಂಐ ತೋರಿಸುತ್ತಾರೆ. ಕ್ರೆಡಿಟ್ ಕಾರ್ಡಿನಲ್ಲಿ ಹಾಗೆ ತಗೊಂಡಾಗ ಬ್ಯಾಂಕು ಬಡ್ಡಿ ಹಾಕುತ್ತದೆ, ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಇಳಿಸಿರುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಮ್ಮ ತಲೆಗೇ ಬರುತ್ತದೆ, ಕೆಲವು ಕಡೆ ಪ್ರೊಸೆಸಿಂಗ್ ಶುಲ್ಕ ಬೇರೆ. ಹುಡುಗ ಎಲ್ಲ ಕೂಡಿಸಿ ನೋಡಿ, ಐಫೋನ್ ಬಿಟ್ಟು ಬೇರೆ ಫೋನ್ ತಗೊಂಡರೆ ಉಳಿಯುವ ದುಡ್ಡಿನಲ್ಲಿ ಓದಲು ಒಂದು ಟ್ಯಾಬ್ಲೆಟ್ ಬರುತ್ತದೆ ಅಂತ ತಾನೇ ಹೇಳಿದ. ಅವನು ಬೇರೆ ತೀರ್ಮಾನ ಮಾಡಿದ್ದರೂ ನನಗೆ ಒಪ್ಪಿಗೆಯೇ ಇತ್ತು, ಲೆಕ್ಕ ಗೊತ್ತಿದ್ದು ಮಾಡಿದ ತೀರ್ಮಾನ ಆಗಿರುತ್ತಿತ್ತು.

ನೆಟ್‌ವರ್ಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ 5ಜಿ ಶುರುವಾಗಿದ್ದು 2022ರ ಅಕ್ಟೋಬರ್ 1ರಂದು. ಈಗ 5ಜಿ ಇಲ್ಲದ ಫೋನ್ ತಗೊಳ್ಳಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ ಎಲ್ಲ 5ಜಿ ಫೋನೂ ಎಲ್ಲ ತರಂಗ ಹಿಡಿಯುವುದಿಲ್ಲ. ನಮ್ಮ ಹಳ್ಳಿ ಮನೆಗಳ ಕಲ್ಲುಗೋಡೆ ದಪ್ಪ, ಅಂಥ ಕಡೆ 700 ಮೆಗಾಹರ್ಟ್ಸಿನ ತರಂಗ ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ಜಿಯೊ ಬಳಸುವವರು ಫೋನಿನಲ್ಲಿ ಎನ್28 ಅನ್ನುವ ಬ್ಯಾಂಡ್ ಇದೆಯಾ ಅಂತ ನೋಡಿಕೊಳ್ಳಬೇಕು, ಅದೇ ಈ 700. ಮನೆಯಲ್ಲಿ ವೈಫೈ ಇದ್ದವರಿಗೆ ಅದರ ಮೂಲಕವೇ ಕರೆ ಮಾಡುವ ವೈಫೈ ಕಾಲಿಂಗ್ ಇದ್ದರೆ ಮಾಳಿಗೆ ಹತ್ತಿ ಮಾತಾಡುವ ಕಷ್ಟ ತಪ್ಪುತ್ತದೆ.

ಫೋನನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನುವುದೂ ಒಂದು ಅಭ್ಯಾಸವೇ ಅಲ್ವಾ. ನಮ್ಮ ಕಡೆ ಒಂದು ಫೋನನ್ನು ನಾಲ್ಕೈದು ವರ್ಷ ಬಳಸುವವರು ಬಹಳ. ಅಂಥವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಅಪ್‌ಡೇಟ್ ಎಷ್ಟು ವರ್ಷ ಅಂತ. ಗೂಗಲ್ 2023ರ ಪಿಕ್ಸೆಲ್ 8ರಿಂದ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿದೆ, ಸ್ಯಾಮ್ಸಂಗ್ 2024ರ ಎಸ್24ಕ್ಕೆ 7 ವರ್ಷ, ಕಡಿಮೆ ಬೆಲೆಯ ಎ16 5ಜಿಗೂ 6 ವರ್ಷ ಅಂತ ಹೇಳಿದೆ. ಅದೇ ಬೆಲೆಯ ಎಷ್ಟೋ ಫೋನುಗಳಿಗೆ ಇದರ ಅರ್ಧವೂ ಇರುವುದಿಲ್ಲ. ಇದು ಯಾಕೆ ಮುಖ್ಯ ಅಂದರೆ, ಭದ್ರತೆಯ ಅಪ್‌ಡೇಟ್ ನಿಂತ ಫೋನಿನಲ್ಲೇ ನಾವು ಬ್ಯಾಂಕು, ಯುಪಿಐ ಎಲ್ಲ ಇಟ್ಟುಕೊಂಡಿರುತ್ತೇವೆ. ತುಂಬಾ ಹಳೆ ಆಂಡ್ರಾಯ್ಡಿನಲ್ಲಿ ಬ್ಯಾಂಕಿನ ಆ್ಯಪುಗಳೂ ಒಂದು ದಿನ ಕೆಲಸ ನಿಲ್ಲಿಸುತ್ತವೆ. ಮತ್ತೊಂದು ಮಾತು, ಈ ವರ್ಷಗಳ ಎಣಿಕೆ ಫೋನ್ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ದೀಪಾವಳಿ ಆಫರಿನಲ್ಲಿ ಎರಡು ವರ್ಷ ಹಳೆಯ ಮಾಡೆಲ್ ಅಗ್ಗಕ್ಕೆ ಸಿಕ್ಕರೆ, ಅದರ ಆಯುಷ್ಯದಲ್ಲಿ ಎರಡು ವರ್ಷ ಆಗಲೇ ಮುಗಿದಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಬೆಲೆಯ ಪಕ್ಕದಲ್ಲೇ ‘ಅಪ್‌ಡೇಟ್ ಇಂಥ ವರ್ಷದವರೆಗೆ’ ಅಂತ ಒಂದು ಸಾಲು ಹಾಕಿ. ಇದೊಂದನ್ನು ಮಾಡಿದರೂ ದೊಡ್ಡ ಉಪಕಾರ.

ರಿಪೇರಿ ವಿಷಯಕ್ಕೆ ಬಂದರೆ, ದೊಡ್ಡ ಊರಿನವರು ಬರೆಯುವ ಲೇಖನಗಳಲ್ಲಿ ನಮ್ಮ ಪರಿಸ್ಥಿತಿ ಕಾಣುವುದಿಲ್ಲ. ಕೆಲವು ಕಂಪನಿಗಳ ಸರ್ವಿಸ್ ಸೆಂಟರ್ ನಮ್ಮ ಊರಿನಲ್ಲಿ ಇದೆ, ಕೆಲವಕ್ಕೆ ಹುಬ್ಬಳ್ಳಿಗೋ ಸೋಲಾಪುರಕ್ಕೋ ಹೋಗಬೇಕು ಅಥವಾ ಕೊರಿಯರ್ ಮಾಡಬೇಕು. ನಮ್ಮ ಸಹೋದ್ಯೋಗಿಯೊಬ್ಬರ ಬಾಗಿದ ಅಂಚಿನ ಪರದೆ ಒಡೆದಾಗ ಅದರ ಡಿಸ್‌ಪ್ಲೇಗೆ ಹೇಳಿದ ದರ ಕೇಳಿ ಅವರು ಫೋನನ್ನೇ ಬಿಟ್ಟರು. ಅದಕ್ಕೆ ನಾನು ಈಗ ಹೊಸ ಫೋನ್ ತಗೊಳ್ಳುವ ಮೊದಲು ರಿಪೇರಿ ಮಾಡುವ ಹುಡುಗರನ್ನು ಕೇಳುತ್ತೇನೆ. ಯಾವ ಮಾಡೆಲ್ಲಿನ ಡಿಸ್‌ಪ್ಲೇ ಊರಿನಲ್ಲೇ ಸಿಗುತ್ತದೆ, ಎಷ್ಟಾಗುತ್ತದೆ, ಯಾವುದರ ಚಾರ್ಜಿಂಗ್ ಪೋರ್ಟ್ ಬೇಗ ಹೋಗುತ್ತದೆ, ಯಾವುದರ ಬ್ಯಾಟರಿ ಬೇಸಿಗೆ ಕಳೆದ ಮೇಲೆ ಉಬ್ಬಿ ಬರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಫೋನುಗಳಿಗೆ ರಿಪೇರಿ ಸೂಚ್ಯಂಕ, ಅಂದರೆ ರಿಪೇರಿ ಎಷ್ಟು ಸುಲಭ ಅಂತ ತೋರಿಸುವ ಅಂಕ, ತರಲು ಸಮಿತಿ ಮಾಡಿತ್ತು, 2025ರಲ್ಲಿ ಅದರ ವರದಿಯೂ ಬಂತು. ಆ ಅಂಕ ಡಬ್ಬಿ ಮೇಲೆ ಬರುವವರೆಗೂ ಈ ಹುಡುಗರ ಮಾತೇ ನಮಗೆ ಆಧಾರ. ಅವರನ್ನು ಒಮ್ಮೆ ಮಾತಾಡಿಸಿ ಬರೆಯಿರಿ ಅಂತ ನಿಮ್ಮ ವರದಿಗಾರರಿಗೆ ಹೇಳಿ.

ಕೊಳ್ಳುವಾಗ ಬಿಲ್ ಬಿಡಬೇಡಿ, ಬಿಲ್ಲಿನಲ್ಲಿ ಐಎಂಇಐ, ಅಂದರೆ ಪ್ರತಿ ಫೋನಿಗೂ ಬೇರೆಯಾಗಿರುವ ಗುರುತಿನ ನಂಬರ್ ಇರಲಿ. ಫೋನಿನಲ್ಲಿ ಸ್ಟಾರ್ ಹ್ಯಾಶ್ 06 ಹ್ಯಾಶ್ ಒತ್ತಿದರೆ ಆ ನಂಬರ್ ಬರುತ್ತದೆ, ಎರಡನ್ನೂ ಹೋಲಿಸಿ. ಹಳೆ ಫೋನ್ ಕೊಳ್ಳುವವರಂತೂ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಆ ನಂಬರ್ ಹಾಕಿ ನೋಡಲೇಬೇಕು, ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಬರೆದು, ಜಾಗ ಬಿಟ್ಟು, ಐಎಂಇಐ ನಂಬರ್ ಸೇರಿಸಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೂ ಆಗುತ್ತದೆ. ಅಂಗಡಿಯಲ್ಲೋ ಆನ್‌ಲೈನಿನಲ್ಲೋ ಮೋಸ ಆದರೆ ಗ್ರಾಹಕರ ಸಹಾಯವಾಣಿ 1915 ಇದೆ.

ಈಗ ನನ್ನ ಕೋರಿಕೆ. ನಿಮ್ಮ ಪುಟವನ್ನು ಬೆಲೆಯ ಬದಲು ಬಳಸುವವರ ಪ್ರಕಾರ ಮಾಡಿ. ಒಂದು ವಾರ ಬಿಸಿಲಿನಲ್ಲಿ ದುಡಿಯುವವರಿಗೆ, ಒಂದು ವಾರ ಹಿರಿಯರಿಗೆ, ಒಂದು ವಾರ ಕನ್ನಡದಲ್ಲಿ ಜಾಸ್ತಿ ಬರೆಯುವವರಿಗೆ, ಒಂದು ವಾರ ಓದುವ ಹುಡುಗರಿಗೆ. ರಬಕವಿ, ಬನಹಟ್ಟಿಯ ಮಗ್ಗದ ಸದ್ದಿನಲ್ಲಿ ಕೆಲಸ ಮಾಡುವವರಿಗೆ ಕರೆ ಬಂದಿದ್ದು ಗೊತ್ತಾಗುವಂಥ ವೈಬ್ರೇಶನ್ ಯಾವ ಫೋನಿನಲ್ಲಿದೆ, ಬೆಳಗಾವಿಯ ಮಳೆಯಲ್ಲಿ ಒದ್ದೆ ಬೆರಳಿಗೆ ಯಾವ ಪರದೆ ಕೆಲಸ ಮಾಡುತ್ತದೆ, ಇಂಥದ್ದನ್ನು ಆಯಾ ಊರಿನ ಓದುಗರಿಂದಲೇ ಕೇಳಿ ಹಾಕಿ. ಹೊಸ ಫೋನಿನ ಮೊದಲ ವಾರದ ಹೊಗಳಿಕೆ ಸಾಕಷ್ಟು ಬರುತ್ತಿದೆ, ಎರಡು ಬೇಸಿಗೆ ಕಳೆದ ಫೋನ್ ಈಗ ಹೇಗಿದೆ ಅಂತ ಓದುಗರು ಬರೆಯುವ ಅಂಕಣ ಶುರು ಮಾಡಿ. ಮೊದಲ ಕಂತಿಗೆ ನಮ್ಮ ಸ್ಟಾಫ್ ರೂಮಿನವರು ತಯಾರಿದ್ದೇವೆ. ಯಾವ ಮಾಡೆಲ್, ಯಾವ ವರ್ಷ ತಗೊಂಡಿದ್ದು, ಬ್ಯಾಟರಿ ಈಗ ಎಷ್ಟು ಹೊತ್ತು ಬರುತ್ತದೆ, ರಿಪೇರಿಗೆ ಎಷ್ಟು ಕೊಟ್ಟೆವು ಎಲ್ಲ ಬರೆದು ಬರುವ ತಿಂಗಳ ಮೊದಲ ವಾರದೊಳಗೆ ನಿಮ್ಮ ವಿಜಯಪುರ ಕಚೇರಿಗೆ ತಂದು ಕೊಡುತ್ತೇವೆ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಕನ್ನಡ ಶಿಕ್ಷಕಿ
ವಿಜಯಪುರ